ಬಣ್ಣದವನ ಹೆಂಡತಿ ಕಟ್ಟೆಗೆ ಹೋದದ್ದು

ಲಾಡ್ಜಿನ ಮೇಲ್ಮಹಡಿಯಲ್ಲಿ ಹಾಸಿಗೆ ಹೊದಿಕೆ ಬದಲಿಸುತ್ತಿದ್ದ ಹೆಂಗಸಿಗೆ ಆ ಪ್ರಶ್ನೆ ಹಾಕಿದವಳು ಬಂದವರ ಪೈಕಿ ಒಬ್ಬಳು. ಕಡಲು ನೋಡಲು ಬರುವವರಿಗೆಲ್ಲ ಆ ಊರಿನಲ್ಲಿ "ಬಂದೋರು" ಎಂದೇ ಹೆಸರು.

"ಸೂರ್ಯ ಮುಳುಗೋದು ಎಲ್ಲಿ ನಿಂತ್ರೆ ಚೆನ್ನಾಗಿ ಕಾಣುತ್ತಮ್ಮಾ?"

ದಿಂಬಿಗೆ ಚೀಲ ತೊಡಿಸುತ್ತಿದ್ದವಳು ತಡವರಿಸಿದಳು. ಈ ಊರಿಗೆ ಸೊಸೆಯಾಗಿ ಬಂದವಳ ಮಗಳಿಗೇ ಈಗ ಮಗುವಾಗಿದೆ. ಆದರೆ ಸಂಜೆ ಹೊತ್ತು ಕಡಲಿನ ಎದುರು ನಿಂತದ್ದೇ ಇಲ್ಲ. ಆ ಹೊತ್ತಿಗೆ ಕೆಳಗೆ ಒದ್ದೆ ಟವೆಲ್ಲುಗಳ ರಾಶಿ ಬಿದ್ದಿರುತ್ತದೆ.

"ನೀವು ಇಲ್ಲಿಯವರೇ ಅಲ್ವಾ?" ಎಂದು ಬಂದವಳು ನಕ್ಕಳು. ಕೆಟ್ಟ ನಗುವೇನಲ್ಲ. ಆದರೂ ಚುಚ್ಚಿತು.

ತಿಗಣೆಗೆ ಔಷಧಿ ಹೊಡೆಯಲು ಲಾಡ್ಜಿಗೆ ಬೀಗ ಹಾಕಿದ ದಿನ ಗಂಡನಿಗೂ ರಜವಿತ್ತು. ಅವಳು ಅವನ ಬೆನ್ನು ಬಿದ್ದಳು. "ಸಂಜೆ ನನ್ನ ಕಟ್ಟೆಗೆ ಕರ್ಕೊಂಡು ಹೋಗಿ."

ಕಟ್ಟೆಯೆಂದರೆ ಕಡಲಿನ ಉದ್ದಕ್ಕೂ ಕಲ್ಲು ಹಾಸಿದ ಕಾಲುದಾರಿ. ಅದರ ಅಂಚಿನ ಕಬ್ಬಿಣದ ಕಂಬಿಗಳಿಗೆ ಬಣ್ಣ ಹೊಡೆಯುವುದೇ ಗಂಡನ ಕೆಲಸ. ಅವನು ಆ ತುದಿ ಮುಟ್ಟುವಷ್ಟರಲ್ಲಿ ಉಪ್ಪುಗಾಳಿ ಈ ತುದಿಯನ್ನು ತಿಂದಿರುತ್ತದೆ. ಮತ್ತೆ ಮೊದಲಿಂದ ಶುರು.

"ದಿನಾ ಅಲ್ಲೇ ಸಾಯ್ತೀನಲ್ಲೇ, ರಜದ ದಿನಾನೂ ಅಲ್ಲಿಗೇನಾ?"

"ನಿಮ್ಮ ಜೊತೆ ಕೂತು ಸೂರ್ಯ ಮುಳುಗೋದು ಒಂದ್ಸಲ ನೋಡ್ಬೇಕು ಅಂದೆ, ಅಷ್ಟೇ. ಚಿನ್ನದ ಸರ ಕೇಳಿದ್ನಾ?"

ಗೊಣಗಿಕೊಂಡೇ ಹೊರಟ. ಕಟ್ಟೆಯ ಬಾಯಲ್ಲಿ ಕಡಲೆಕಾಯಿ ಮಾರುವವನು ಕೂಗಿದ: "ಏನ್ ಬಣ್ಣದಣ್ಣ, ಇವತ್ತು ಡಬ್ಬ ಬಿಟ್ಟು ಅತ್ತಿಗೇನ ಹಿಡ್ಕೊಂಡು ಬಂದ್ಬಿಟ್ಟಿದ್ದೀರಿ!" ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಖುಷಿ ಹತ್ತು ಹೆಜ್ಜೆ ಬಾಳಲಿಲ್ಲ. ಗಂಡ ನಿಂತೇಬಿಟ್ಟ. "ನೋಡಿಲ್ಲಿ, ಗುಳ್ಳೆ ಎದ್ದಿದೆ. ಮೊನ್ನೆ ಮೊನ್ನೆ ಹೊಡೆದದ್ದು." ಉಗುರಿನಿಂದ ಕೆರೆದ. ಒಳಗಿಂದ ತುಕ್ಕು ಉದುರಿತು.

"ಬನ್ನಿ, ಹೊತ್ತು ಇಳೀತಿದೆ."

ಬಂದ. ಮತ್ತೆ ನಿಂತ. ಕಂಬಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಕಡಲಿನತ್ತ ಕಣ್ಣೆತ್ತದೆ, ಒಳಗಡೆಯ ಸಂದಿಗೆ ಬೆರಳು ತೂರಿಸಿದ. ಅವಳು ನೀರು ನೋಡಬೇಕೋ ಗಂಡನ ಬೋಳುನೆತ್ತಿ ನೋಡಬೇಕೋ ತಿಳಿಯದೆ ನಿಂತಳು. ಅಷ್ಟರಲ್ಲಿ ಯಾರೋ ಬಂದವನು ಹೊಸ ಬಣ್ಣದ ಕಂಬಿಗೆ ಸೈಕಲ್ ಒರಗಿಸಿ ಸರಪಳಿ ಸುತ್ತತೊಡಗಿದ.

"ಏಯ್ ಸ್ವಾಮಿ, ಕಣ್ಣು ಕಾಣ್ಸಲ್ವಾ? ಬಣ್ಣ ಕಿತ್ತು ಬರುತ್ತೆ!"

"ನಿಮ್ಮಪ್ಪಂದಾ ಕಂಬಿ?"

"ಹೊಡೆದೋನು ನಾನು ಕಣ್ರೀ!"

ಜನ ಸೇರಿದರು. ಅವಳು ತೋಳು ಹಿಡಿದು ಎಳೆದಳು. "ರೀ, ಬಿಡಿ ಅತ್ಲಾಗೆ. ಮುಳುಗ್ತಾ ಇದೆ."

"ಒಂದು ನಿಮಿಷ ಇರೇ."

ಅವನ ಒಂದು ನಿಮಿಷ ಅವಳಿಗೆ ಗೊತ್ತಿರದ್ದೇ? ಅಷ್ಟರಲ್ಲಿ ಬಡಿಸಿಟ್ಟ ಊಟ ಆರಿ ತಣ್ಣಗಾಗಿರುತ್ತದೆ. ಅವಳು ಕೈಬಿಟ್ಟು ಮುಂದೆ ನಡೆದಳು. ಖಾಲಿಯಿದ್ದ ಬೆಂಚಿನ ತುದಿಯಲ್ಲಿ ಕೂತು, ಪಕ್ಕದಲ್ಲಿ ಕೈಚೀಲ ಇಟ್ಟಳು.

"ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಒಬ್ಬರು ಕೇಳಿದರು. "ನಮ್ಮೋರು ಬರ್ತಾರೆ" ಎಂದಳು. ಮತ್ತೊಬ್ಬರು ಕೇಳಿದರು. ಅವರಿಗೂ ಅದನ್ನೇ ಹೇಳಿದಳು. ಹಿಂದೆ ಗಂಡನ ದನಿ ಇನ್ನೂ ಏರುತ್ತಲೇ ಇತ್ತು. ಮೂರನೆಯವಳು ಬಸುರಿ, ಏದುಸಿರು ಬಿಡುತ್ತಿದ್ದಳು. ಇವಳು ಚೀಲ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಸೂರ್ಯ ನೀರಿಗೆ ತಾಗಿದಾಗ ಬುಡ ಚಪ್ಪಟೆಯಾಯಿತು. ಅದು ಇಷ್ಟು ಬೇಗ ಇಳಿಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಸುರಿ "ಅಬ್ಬಾ" ಎಂದಳು. ಇವಳ ಬಾಯಿಗೂ ಅದೇ ಮಾತು ಬಂತು, ಆದರೆ ಅದನ್ನು ಕೇಳಬೇಕಾದವನು ಅಲ್ಲಿರಲಿಲ್ಲ. ನುಂಗಿಕೊಂಡಳು.

ಗಂಡ ಬಂದಾಗ ದೀಪಗಳು ಹತ್ತಿದ್ದವು. "ಸೈಕಲ್ ತೆಗೆಸಿದೆ ನೋಡು!" ಎಂದ. ಬೆಂಚು ನೋಡಿ, "ಜಾಗ ಇಟ್ಕೊಂಡಿರಬಾರದಾ?" ಎಂದ.

"ಇಟ್ಟಿದ್ದೆ."

"ಮುಳುಗೇಬಿಡ್ತಾ?"

"ನಿಮ್ಮನ್ನ ಕಾಯ್ಕೊಂಡು ನಿಲ್ಲೋಕೆ ಅದೇನು ನಿಮ್ಮ ಹೆಂಡ್ತೀನಾ?"

ಅವನು ಕತ್ತು ಕೆರೆದುಕೊಂಡ. "ಹೆಂಗಿತ್ತು?"

"ನಾಳೆ ಕೆಲಸಕ್ಕೆ ಬಂದಾಗ ನೋಡ್ಕೊಳ್ಳಿ. ನಿಮ್ಮ ಕಂಬಿ ಸಂದೀಲೇ ಕಾಣುತ್ತೆ."

ಅವಳು ಎದ್ದು ಮನೆಯ ಕಡೆ ಬಿರಬಿರನೆ ನಡೆದಳು. "ನಿಲ್ಲೇ, ನಿಲ್ಲೇ" ಎನ್ನುತ್ತಾ ಅವನು ಹಿಂದೆ ಬಂದ. ಅವಳು ನಿಲ್ಲಲಿಲ್ಲ.