ನಾನು ನಾನೇ ಎಂಬುದಕ್ಕೆ ಸಾಕ್ಷಿ

ಹೋದ ಭಾನುವಾರ ನಾನು ಅಧಿಕೃತವಾಗಿ ನಾನಾದೆ. ಸರ್ಟಿಫಿಕೇಟ್ ಕೊಟ್ಟವನೂ ನಾನೇ!

ನಗಬೇಡಿ. ನನ್ನದೊಂದು ಬ್ಲಾಗ್ ಇದೆಯೆಂದು ನಿಮಗೆ ಗೊತ್ತು (ಓದುವವರು ಹನ್ನೊಂದು ಮಂದಿ, ಹೆಂಡತಿ ಸೇರಿ). ಬೇರೆಯವರ ಬ್ಲಾಗಿನಲ್ಲಿ ಒಂದು ಸಾಲು ಕಾಮೆಂಟ್ ಹಾಕಬೇಕೆಂದರೂ ಪ್ರತಿ ಸೈಟಿಗೂ ಬೇರೆ ಪಾಸ್‌ವರ್ಡ್. ಬರೆದಿಟ್ಟ ಚೀಟಿಯೇ ಕಳೆದುಹೋಗುತ್ತದೆ. ಇದಕ್ಕೆ ಈಗ ಓಪನ್‌ಐಡಿ ಎಂಬ ಮದ್ದು ಬಂದಿದೆ. ಎಲ್ಲ ಕಡೆಗೂ ಒಂದೇ ಗುರುತು. ಯಾವುದಾದರೂ ಕಂಪನಿ ಅದನ್ನು ಪುಕ್ಕಟೆ ಕೊಡುತ್ತದೆ. ನನಗದು ಸೇರಲಿಲ್ಲ. ನನ್ನ ಗುರುತು ಹೇಳಲು ಅವರ್ಯಾರು? ಮೂರು ಭಾನುವಾರ ಕೂತು, ಎರಡು ಸಲ ಬ್ಲಾಗನ್ನೇ ಕೆಡಿಸಿ, ನನ್ನ ಸ್ವಂತ ಸೈಟಿನಲ್ಲೇ ಅದನ್ನು ಕೂರಿಸಿದೆ.

ಈಗ ಯಾವುದೇ ಸೈಟ್ 'ನೀನು ಯಾರು?' ಅಂದರೆ ನನ್ನ ಬ್ಲಾಗಿನ ವಿಳಾಸ ಕೊಡುತ್ತೇನೆ. ಅದು ನನ್ನ ಸೈಟನ್ನೇ 'ಇವನು ಅವನೇನಾ?' ಎಂದು ಕೇಳುತ್ತದೆ. ನನ್ನ ಸೈಟ್ ಹೌದೆನ್ನುತ್ತದೆ. ಒಳಗೆ ಬಿಡುತ್ತಾರೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಬಾಗಲಕೋಟೆಯ ನವನಗರದ ಒಂದು ಕಚೇರಿಗೆ ಹೋದೆ. ನಮ್ಮ ಹಳೇ ಓಣಿಗಳು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎದ್ದ ಊರದು. ಮಗಳ ಕಾಲೇಜ್ ಅಡ್ಮಿಷನ್‌ಗೆ ಮುಳುಗಡೆ ಸಂತ್ರಸ್ತರ ಸರ್ಟಿಫಿಕೇಟ್ ಬೇಕಿತ್ತು. ಶನಿವಾರವೇ ಕೊನೆಯ ದಿನ. ಸೀಟು ತಪ್ಪಿದರೆ ಅವಳ ಒಂದು ವರ್ಷ ಹೋದಂತೆ. ಸಂತ್ರಸ್ತರ ಯಾದಿಯಲ್ಲಿ ಅಪ್ಪನ ಹೆಸರೇನೋ ಇತ್ತು. ಆದರೆ ಯಲ್ಲಪ್ಪಂದಿರು ನಾಲ್ವರಿದ್ದರು.

"ಈ ಯಲ್ಲಪ್ಪನ ಮಗ ನೀವ ಅಂತ ಯಾರ ಹೇಳ್ತಾರ್ರಿ?" ಗುಮಾಸ್ತರು ಕೇಳಿದರು.

"ನಾನ ಹೇಳಾಕತ್ತೀನಲ್ರಿ."

"ನಿಮ್ಮದು ನೀವ ಹೇಳಿದ್ರ ನಡಿಯಂಗಿಲ್ರಿ. ಹಳೇ ಊರಾಗ ನಿಮ್ಮ ಮನಿ ಕಂಡವ್ರನ್ನ ಕರ್ಕೊಂಡ ಬರ್ರಿ."

(ಮೂರು ಭಾನುವಾರದ ಶ್ರಮ ಇವರಿಗೇನು ಗೊತ್ತು?)

ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಕೇಳಿದಳು. "ಯಾರ ಪೈಕಿ ತಮ್ಮಾ? ಯಾವ ಓಣಿ?"

ಹೇಳಿದೆ. ಸೀದಾ ಎದ್ದು ಟೇಬಲ್ಲಿಗೆ ಬಂದಳು. "ಅಯ್ಯ, ಇವನ ಗುರ್ತಾ ಕೇಳ್ತೀರಿ? ನಾ ಬಳಿಗಾರ ಖಾಜಾಬಿ. ಇವ್ರವ್ವನ ಕುಬಸಕ್ಕ ಹಸರ ಬಳಿ ಇಟ್ಟಾಕಿ ನಾನ. ಆವಾಗ ಇಂವ ಹೊಟ್ಟ್ಯಾಗಿದ್ದ!"

ಇಡೀ ಕಚೇರಿ ನಕ್ಕಿತು. ನನಗೆ ಕಣ್ಣು ತುಂಬಿ ಬಂತು. ಅವ್ವ ತೀರಿಕೊಂಡ ಮೇಲೆ ಅವಳ ಬಸಿರಿನ ಸುದ್ದಿ ಹೇಳುವವರು ಯಾರೂ ಸಿಕ್ಕಿರಲಿಲ್ಲ. ಖಾಜಾಬಿ ಹೆಬ್ಬೆಟ್ಟು ಒತ್ತಿದಳು. ಹತ್ತು ನಿಮಿಷದಲ್ಲಿ ಸರ್ಟಿಫಿಕೇಟ್ ನನ್ನ ಕೈಯಲ್ಲಿತ್ತು.

"ನೀವ್ಯಾಕ ಬಂದೀರಿ ಯವ್ವಾ?" ಅಂದೆ.

"ಮನಿ ಹಕ್ಕುಪತ್ರಕ್ಕಪ. ಇದು ಆರನೇ ಸರ್ತಿ. ನನ್ನ ಗುರ್ತ ಹೇಳಾವ್ರ ಯಾರೂ ಸಿಗವಲ್ರು. ಯಾರ ಯಾವ ಸೆಕ್ಟರಿಗೆ ಹೋದ್ರೋ, ಯಾವ ಊರಿಗೆ ಹೋದ್ರೋ."

ಅಷ್ಟೇ ತಾನೆ? ಪೆನ್ನು ತೆಗೆದೆ. ಗುಮಾಸ್ತರು ಕೈ ಅಡ್ಡ ಹಿಡಿದರು.

"ಆಕಿ ಹೇಳಿದ್ದಕ್ಕ ನೀವು ನೀವಾದ್ರಿ. ಈಗ ನೀವು ಹೇಳಿದ್ದಕ್ಕ ಆಕಿ ಆಕಿ ಆಗಾಕ ಬರಂಗಿಲ್ರಿ. ಮೂರನೇದವ್ರು ಬೇಕು."

ನನ್ನನ್ನು ನಾನೆಂದು ಮಾಡಲು ಸಾಕಾದ ಹೆಬ್ಬೆಟ್ಟು ಅದರ ಒಡತಿಗೇ ಸಾಲಲಿಲ್ಲ! ನಾನು ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ನನ್ನ ಕಾಗದವನ್ನೂ ಕಸಿದುಕೊಂಡರೆ ಎಂಬ ಹೆದರಿಕೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಮಗಳ ಅಡ್ಮಿಷನ್ ಆಯಿತು. ಖಾಜಾಬಿ ಸೋಮವಾರ ಮತ್ತೆ ಹೋಗುತ್ತಾಳಂತೆ, ಏಳನೇ ಸಲ.

ಹಳೇ ಬಾಗಲಕೋಟೆಯ ಓದುಗರೇ, ಬಳೆ ಇಡಲು ಖಾಜಾಬಿ ಹಿಡಿದ ಕೈ ನಿಮ್ಮ ಮನೆಯಲ್ಲಿ ಒಂದಾದರೂ ಇದೆಯೇ?