ಪರರ ಕೈಯ ಬಿಸ್ಕೀಟು

ಕುರಿ ಸಾಕುವ ಮಲಕಪ್ಪನ ಮಗಳು ಅರುಣಾಳಿಗೆ ಗಾಳಿ ಬಡಿದಿದೆ ಎಂದು ನಾನು ಹದಿನೈದು ದಿನ ಖಾತ್ರಿಯಾಗಿ ನಂಬಿದ್ದೆ. ಗುಡಗೇರಿ ಸ್ಟೇಶನ್ನಿನಲ್ಲಿ, ಹುಬ್ಬಳ್ಳಿ ಕಡೆಯ ಬೆಳಗಿನ ಪ್ಯಾಸೆಂಜರ್ ಬರುವ ಮೊದಲು, ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಅವಳು ಒಂದು ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದಳು. ಥಟ್ಟನೆ ನಿಲ್ಲುತ್ತಿದ್ದಳು. ಎಡಕ್ಕೆ ಬಗ್ಗಿ ನೆಲ ನೋಡಿ "ಶಾಬಾಸ್" ಅನ್ನುತ್ತಿದ್ದಳು. ಸೊಂಟಕ್ಕೆ ಕಟ್ಟಿದ ಚೀಲದಿಂದ ಏನನ್ನೋ ಚಿವುಟಿ ತೆಗೆದು ಗಾಳಿಗೆ ತಿನ್ನಿಸುತ್ತಿದ್ದಳು. ಹಗ್ಗದ ಇನ್ನೊಂದು ತುದಿ ಖಾಲಿ ನೆಲದ ಮೇಲೆ ಬಿದ್ದಿರುತ್ತಿತ್ತು.

ನಾನು ಹುಬ್ಬಳ್ಳಿಯ ಕಾಲೇಜೊಂದರ ಆಫೀಸಿನಲ್ಲಿ ಸುಪರಿಂಟೆಂಡೆಂಟ್. ಊರವರಿಗೆ ಸಲಹೆ ಕೊಡುವುದೂ ಆ ಹುದ್ದೆಯ ಕೆಲಸ ಎಂಬುದು ನನಗೊಬ್ಬನಿಗೇ ಗೊತ್ತಿರುವ ವಿಷಯ. ಸಂತೆಯ ದಿನ ಮಲಕಪ್ಪನನ್ನು ಬದಿಗೆ ಕರೆದು, ಧಾರವಾಡದಲ್ಲಿ ಇಂಥದ್ದಕ್ಕೆ ಒಳ್ಳೆಯ ದವಾಖಾನೆ ಇದೆ, ನಾಚಿಕೆ ಬೇಡ, ಮೊದಲೇ ತೋರಿಸಿದರೆ ಗುಣವಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ.

ಮಲಕಪ್ಪ ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. "ಗಾಳಿ ಅಲ್ರಿ ಸರ, ಕೋರ್ಸ್. ನಾಯಿ ಕಲಸೂ ಕೋರ್ಸ್. ಮೊದಲ ತಿಂಗಳು ನಾಯಿ ಇಲ್ಲದ ಕಲೀಬೇಕಂತ. ಬಾವಿ ಇಲ್ಲದ ಈಜು ಕಲಿತಾರಲ್ರಿ, ಹಂಗ."

ಆಮೇಲೆ ರೈಲಿನಲ್ಲಿ ಅರುಣಾಳನ್ನೇ ಕೇಳಿದೆ. ಅದು ಮೊಬೈಲಿನಲ್ಲಿ ಪಾಠ ಹೇಳುವ ಸಂಸ್ಥೆ. ಕೊನೆಗೆ ಒಬ್ಬ ಪರೀಕ್ಷಕರು ಎದುರಿಗೆ ಬಂದು ನೋಡಿ, ಪಾಸಾದವರಿಗೆ 'ಪ್ರಮಾಣಿತ ವೃತ್ತಿಪರ ಶ್ವಾನ ತರಬೇತುದಾರ' ಎಂದು ಕಾಗದ ಕೊಡುತ್ತಾರೆ. ನಾಯಿ ಕುಳಿತ ಒಂದು ಸೆಕೆಂಡಿನೊಳಗೆ ಅದರ ಬಾಯಿಗೆ ತಿಂಡಿ ಬೀಳಬೇಕು. ತಡವಾದರೆ ಯಾತಕ್ಕೆ ಸಿಕ್ಕಿತೆಂದು ನಾಯಿಗೆ ತಿಳಿಯುವುದಿಲ್ಲ. ಅದಕ್ಕೇ ಮೊದಲು ಕೈ ಪಳಗಬೇಕು, ನಾಯಿ ಆಮೇಲೆ.

ಅವಳಿಗೆ ಇಪ್ಪತ್ತೇಳು ವರ್ಷ. ಪರವೂರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಜಾಗವೊಂದು ಹುಬ್ಬಳ್ಳಿಯಲ್ಲಿದೆ. ಅಲ್ಲಿ ಮೂರು ವರ್ಷದಿಂದ ನಾಯಿಗಳಿಗೆ ಸ್ನಾನ ಮಾಡಿಸುತ್ತಿದ್ದಳು. ಕಲಿಸುವ ಕೆಲಸ ಕೇಳಿದಾಗ ಮಾಲೀಕ ಹೇಳಿದ್ದು ಇಷ್ಟು: "ಸರ್ಟಿಫಿಕೇಟ್ ಇದ್ದಾವ್ರು ಕಲಸ್ತಾರವಾ, ಇಲ್ಲದಾವ್ರು ತೊಳೀತಾರ." ಯುಗಾದಿಗೆ ಅಲ್ಲಿಯ ತರಬೇತುದಾರ ಕೆಲಸ ಬಿಡುವವನಿದ್ದ. ಅಷ್ಟರಲ್ಲಿ ಕಾಗದ ತಂದರೆ ಆ ಜಾಗ ಅರುಣಾಳದು. ತರದಿದ್ದರೆ ಮತ್ತೆ ಬಕೆಟ್ಟು, ಬ್ರಶ್ಶು.

ಪರೀಕ್ಷೆಗೆ ತಾನೇ ಕಲಿಸಿದ ನಾಯಿಯನ್ನು ತರಬೇಕಿತ್ತು. ಅವಳ ಬಳಿ ಇದ್ದದ್ದು ಒಂದೇ, ಅಪ್ಪನ ಕುರಿ ಕಾಯುವ ಫೌಜದಾರ.

ಬೂದಿ ಬಣ್ಣ, ಹರಿದ ಒಂದು ಕಿವಿ, ಕತ್ತಿನಲ್ಲಿ ಮೊಳೆ ಬಡಿದ ಪಟ್ಟಿ. ಆ ಮನೆಯಲ್ಲಿ ಅವನನ್ನು ಯಾರೂ 'ಅದು' ಎನ್ನುತ್ತಿರಲಿಲ್ಲ. ಪೊಲೀಸ್ ಠಾಣೆಯವರೂ ಸೇರಿ ಆ ಹೆಸರು ಹೊತ್ತವರಲ್ಲಿ ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳದವನು ಇವನೊಬ್ಬನೇ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಜನ ನಕ್ಕಿದ್ದರು. ನಕ್ಕವರ ಮುಂದೆ ಇನ್ನೊಮ್ಮೆ ಹೇಳಿದ್ದೆ.

ಆ ಗುಣ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಕುರಿ ಕದಿಯುವವರು ಮೊದಲು ನಾಯಿಗೆ ವಿಷ ಹಾಕುತ್ತಾರೆ. ಅದಕ್ಕೆ ಹಿಂಡಿನ ನಾಯಿಮರಿಗೆ ಮೂರು ತಿಂಗಳು ತುಂಬಿದ ಕೂಡಲೇ ಕುರುಬರು ಗುರುತಿಲ್ಲದವರನ್ನು ಕರೆತರುತ್ತಾರೆ. ಅವರು ಪ್ರೀತಿಯಿಂದ ಕರೆದು ರೊಟ್ಟಿ ಕೊಡುತ್ತಾರೆ. ರೊಟ್ಟಿಯ ಮಡಿಕೆಯಲ್ಲಿ ಅರೆದ ಮೆಣಸಿನಕಾಯಿ ಇರುತ್ತದೆ. ಮರಿ ಬಾಯಿ ಉರಿದು ನೆಲಕ್ಕೆ ಮುಖ ಉಜ್ಜುವಾಗ ಹಿಂದಿನಿಂದ ಮಾಲೀಕನ ಕೋಲು ಬೀಳುತ್ತದೆ. ವಾರಕ್ಕೊಬ್ಬ ಹೊಸ ಮನುಷ್ಯ, ಅದೇ ರೊಟ್ಟಿ, ಅದೇ ಕೋಲು. ಪರರ ಕೈ ಕಂಡರೆ ಮರಿ ಹಿಂದೆ ಸರಿಯುವ ತನಕ.

ಸಂಸ್ಥೆಯ ಪುಸ್ತಕದಲ್ಲಿ ಪರೀಕ್ಷೆಯ ಏಳನೆಯ ಅಂಶ ಹೀಗಿತ್ತು: ಅಪರಿಚಿತರು ಕೊಟ್ಟ ತಿಂಡಿಯನ್ನು ನಾಯಿ ಹೆದರದೆ, ಕಚ್ಚದೆ, ಮೆಲ್ಲಗೆ ತೆಗೆದುಕೊಳ್ಳಬೇಕು. ಕಲಿಸಿದವರು ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರಬೇಕು.

ಹಿಂಡು ಆಗ ಕುಬಿಹಾಳದ ಹೊಲವೊಂದರಲ್ಲಿತ್ತು. ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸಿಕೊಂಡಿದ್ದರು. ಅರುಣಾ ಅಪ್ಪನಿಗೆ ಪುಸ್ತಕ ಓದಿ ಹೇಳಿದ್ದು ಅಲ್ಲೇ, ನನ್ನೆದುರಿಗೇ. ತನ್ನ ಪರ ಮಾತಾಡಲು ಅವಳು ನನ್ನನ್ನು ಕರೆದುಕೊಂಡು ಹೋಗಿದ್ದಳು.

"ಪರರ ಕೈಯಾಗಿಂದು ತಿನಬಾರದು ಅಂತ ಕಲಸಾಕ ನನಗ ಎಂಟು ತಿಂಗಳು ಹತ್ಯಾವ," ಎಂದ ಮಲಕಪ್ಪ. "ಎಂಟು ತಿಂಗಳು ಅಂವ ಅತ್ತಾನ. ಅದನ್ನ ಅಳಸ್ತಿ ಏನು?"

"ಅಳಸಂಗಿಲ್ಲಪ್ಪಾ. ನಾ 'ತಗೋ' ಅಂದ್ರ ತಗೋಬೇಕು, ಅನಲಿಲ್ಲಂದ್ರ ಬಿಡಬೇಕು. ಹಂಗ ಕಲಸ್ತೀನಿ."

"ಪರೀಕ್ಷಾದಾಗ 'ತಗೋ' ಅನ್ನಾಕ ಬಿಡ್ತಾರೇನು?"

ಅರುಣಾ ಪುಸ್ತಕ ಮುಚ್ಚಿದಳು. "ಬಿಡಂಗಿಲ್ಲ. ಅದಕ ಆಮ್ಯಾಲೆ ಆ ಮಾತೂ ಬಿಡಸ್ತೀನಿ. ಪರೀಕ್ಷಾ ಮುಗದ ಕೂಡಲೆ ಮತ್ತ ಮೊದಲಿನಂಗ ಮಾಡ್ತೀನಿ. ಒಂದು ತಿಂಗಳು ಸಾಕು."

"ಖಾರ ಹಾಕಿ?"

"ಖಾರ ಇಲ್ಲದ."

"ಖಾರ ಇಲ್ಲದ ಕಲತದ್ದು ತೆಲಿಯಾಗ ನಿಂದ್ರಂಗಿಲ್ಲ, ತಂಗಿ."

ನಾನು ಆಧುನಿಕ ಮನಶ್ಶಾಸ್ತ್ರದ ಕುರಿತು ಎರಡು ಮಾತು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಲಕಪ್ಪನ ಹೆಂಡತಿ ಹನಮವ್ವ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು. "ಮೂರು ವರ್ಷ ಆತು ಅಕಿ ಮಂದಿ ನಾಯಿ ಮುಕಳಿ ತೊಳಿಯಾಕ ಹತ್ತಿ. ನಿಮ್ಮ ನಾಯಿ ಒಂದು ತಿಂಗಳು ಮಂದಿ ಕೈಯಾಗ ಸುಖಾ ಉಂಡ್ರ ಏನು ಭೂಮಿ ಬಾಯಿ ತೆರೀತೈತಿ?"

ಮಲಕಪ್ಪ ಫೌಜದಾರನನ್ನು ಕರೆದು ಮಗಳ ಮುಂದೆ ನಿಲ್ಲಿಸಿದ. ನನ್ನ ಮನಶ್ಶಾಸ್ತ್ರ ಗಂಟಲಿನಲ್ಲೇ ಉಳಿಯಿತು.

ಕಲಿಸಲು ಒಬ್ಬ ಪರಕೀಯ ಬೇಕಾಗಿತ್ತು. ನಾನೇ ಮುಂದೆ ಬಂದೆ. ದಿನಾ ರೈಲಿನಲ್ಲಿ ಕಾಣುವ ನಾನು ಅರುಣಾಳಿಗೆ ಪರಕೀಯನಲ್ಲ. ಆದರೆ ಫೌಜದಾರ ನನ್ನನ್ನು ಕಂಡರೆ ಹಲ್ಲು ತೋರಿಸುತ್ತಿದ್ದ, ಆ ಅರ್ಹತೆ ಸಾಕಾಯಿತು. ಪ್ರತಿ ಶನಿವಾರ, ಭಾನುವಾರ ಪ್ಯಾಂಟಿನ ಮಡಿಕೆ ಹಾಳಾಗದಂತೆ ಹೊಲದ ಬದುವಿನ ಮೇಲೆ ಟವೆಲ್ ಹಾಸಿಕೊಂಡು ಕೂಡುತ್ತಿದ್ದೆ. ಮೊದಲ ವಾರ ಇಪ್ಪತ್ತು ಹೆಜ್ಜೆ ದೂರ. ಬಿಸ್ಕೀಟನ್ನು ನೆಲದ ಮೇಲಿಟ್ಟು ನಾನು ಬೇರೆ ಕಡೆ ನೋಡಬೇಕು. ಆಮೇಲೆ ಹತ್ತು ಹೆಜ್ಜೆ. ಆಮೇಲೆ ಐದು.

"ಸರ, ಅವನ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಆಫೀಸಿನ್ಯಾಗ ಜವಾನಗ ನೋಡಿದಂಗ ನೋಡಾಕ ಹತ್ತೀರಿ," ಎಂದು ಅರುಣಾ ತಿದ್ದುತ್ತಿದ್ದಳು. ನನ್ನನ್ನು ಆ ರೀತಿ ಯಾರೂ ತಿದ್ದಿರಲಿಲ್ಲ. ಹೆಂಡತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಆರನೆಯ ವಾರ ಫೌಜದಾರ ಬಂದು ನನ್ನೆದುರು ಕುಳಿತ. ಕತ್ತು ಚಾಚಿ, ತುಟಿಯ ತುದಿಯಿಂದ ನನ್ನ ಬೆರಳಿನ ನಡುವಿನ ಬಿಸ್ಕೀಟು ತೆಗೆದುಕೊಂಡ. ಅಗಿಯಲಿಲ್ಲ. ಬಾಯಲ್ಲಿ ಹಿಡಿದುಕೊಂಡೇ ಹಿಂದೆ ತಿರುಗಿ ಮಲಕಪ್ಪನ ಕೋಲಿನತ್ತ ನೋಡಿದ. ಕಿವಿಗಳು ತಲೆಗೆ ಅಂಟಿದವು, ಕುಳಿತಲ್ಲೇ ಉಚ್ಚೆ ಹೊಯ್ದುಕೊಂಡ. ಹೊಡೆತ ಬೀಳಲಿಲ್ಲ. ಸ್ವಲ್ಪ ಹೊತ್ತು ಕಾದು ನುಂಗಿದ. ಇನ್ನೊಂದು ಕೊಟ್ಟೆ. ಅದನ್ನೂ ತಿಂದ. ಮಲಕಪ್ಪ ಎದ್ದು ಕುರಿಗಳ ಕಡೆ ಹೋದ.

ನನಗೆ ಎದೆಯುಬ್ಬಿತು. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. "ಕೈ ತೊಳಕೊಂಡು ಬರ್ರಿ, ಊಟಕ್ಕ ಹಾಕ್ತೀನಿ," ಎಂದಳು.

ಯುಗಾದಿಗೆ ಹದಿನೈದು ದಿನವಿದ್ದಾಗ ಹುಬ್ಬಳ್ಳಿಯ ಮೈದಾನವೊಂದರಲ್ಲಿ ಪರೀಕ್ಷೆ ನಡೆಯಿತು. ಪಂಚಾಯಿತಿ ಮೆಂಬರ್ ಸಿದ್ದರಾಮ ತನ್ನ ಟೆಂಪೋ ಕೊಟ್ಟ. ಕೊಟ್ಟದ್ದನ್ನು ಹೋಗುವಾಗ ಮೂರು ಸಲ, ಬರುವಾಗ ಐದು ಸಲ ನೆನಪಿಸಿದ. ಉಳಿದ ಅಭ್ಯರ್ಥಿಗಳು ತಂದದ್ದು ಶ್ರೀಮಂತರ ಮನೆಯ ದಪ್ಪ ನಾಯಿಗಳು. ಏಳನೆಯ ಅಂಶವನ್ನು ಅವು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದಿದ್ದವು. ಪುಣೆಯಿಂದ ಬಂದ ಪರೀಕ್ಷಕಿ ಫೌಜದಾರನ ಹರಿದ ಕಿವಿ ನೋಡಿ ಕೈಗೆ ದಪ್ಪ ಗವಸು ಹಾಕಿಕೊಂಡರು. ಅರುಣಾ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಯಿ ಬಿಗಿದು ನಿಂತಳು. ಅವನು ಹೋಗಿ ಕುಳಿತ, ಬಿಸ್ಕೀಟು ತೆಗೆದುಕೊಂಡ, ಇನ್ನೊಂದು ಸಿಗುವುದೇನೋ ಎಂದು ಗವಸು ಮೂಸಿದ. ಪರೀಕ್ಷಕಿ ಗವಸು ತೆಗೆದು ಬರಿಗೈಯಿಂದ ಇನ್ನೊಂದು ಕೊಟ್ಟರು.

ಮರುದಿನವೇ ಕಾಗದ ಬಂತು. ಬಂದ ಭಾನುವಾರ ಸಿದ್ದರಾಮ ಗುಡಗೇರಿಯಲ್ಲಿ ಸತ್ಕಾರ ಇಟ್ಟುಕೊಂಡ. ಅರುಣಾಳಿಗೆ ಒಂದು ಶಾಲು, ಫೌಜದಾರನಿಗೆ ಒಂದು ಹಾರ, ಸಿದ್ದರಾಮನಿಗೆ ಎರಡು ಹಾರ. ಭಾಷಣದಲ್ಲಿ ಟೆಂಪೋ ಮತ್ತೆ ಬಂತು. ಆಮೇಲೆ ಊರವರೆಲ್ಲ ಸಾಲಾಗಿ ನಿಂತು ಫೌಜದಾರನಿಗೆ ಬಿಸ್ಕೀಟು ತಿನ್ನಿಸಿ ಫೋಟೋ ಹೊಡೆಸಿಕೊಂಡರು.

"ಸಾಕ್ರಿ, ಇನ್ನ ಕೊಡಬ್ಯಾಡ್ರಿ. ಇವತ್ತಿಂದ ಬಿಡಸಬೇಕಾಗೇತಿ," ಎಂದು ಅರುಣಾ ಬೇಡಿಕೊಂಡಳು.

"ನಿನ್ನ ಸರ್ಟಿಫಿಕೇಟ್ ಖರೇ ಐತೋ ಇಲ್ಲೋ ನೋಡೂಣು ತಡೀವಾ," ಎಂದು ಸಿದ್ದರಾಮ ಬಿಸ್ಕೀಟಿನ ಇಡೀ ಪುಡಿಕೆ ಬಿಚ್ಚಿದ. ಅದರ ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡುವ ಮುನ್ನ, ಒಂದು ಸಾಲು ಬರೆದುಕೊಡಿ ಎಂದು ನನಗೆ ಫೋನು ಚಾಚಿದ. ನಾನು ಬರೆದೆ: 'ಗುಡಗೇರಿಯ ಫೌಜದಾರ ಈಗ ಯಾರು ಕೊಟ್ಟರೂ ತಗೊಳ್ತಾನೆ.' ಸಂಜೆಯೊಳಗೆ ಅದು ತಾಲ್ಲೂಕಿನ ಎಲ್ಲ ಗುಂಪುಗಳಲ್ಲಿ ಓಡಾಡಿತು. ಉತ್ತರವಾಗಿ ಬಂದ ನಗುವ ಮುಖಗಳನ್ನು ನಾನು ಒಂದೊಂದಾಗಿ ನೋಡುತ್ತ ಕುಳಿತಿದ್ದೆ.

ಯುಗಾದಿಯ ತನಕ ಹಳೆಯ ತರಬೇತುದಾರನ ಜೊತೆಗಿರಲೆಂದು ಸೋಮವಾರವೇ ಅರುಣಾ ಹೊಸ ಕೆಲಸಕ್ಕೆ ಸೇರಿದಳು, ಎದೆಯ ಮೇಲೆ ಹೆಸರು ಬರೆದ ನೀಲಿ ಅಂಗಿ ಹಾಕಿಕೊಂಡು. ಮೊದಲ ವಾರ ರಜೆಯಿಲ್ಲ ಎಂದ ಮಾಲೀಕ. ಬಿಡಿಸುವ ಪಾಠ ಮುಂದಿನ ಭಾನುವಾರಕ್ಕೆ ಹೋಯಿತು.

ಗುರುವಾರ ಮಧ್ಯಾಹ್ನ ಮಲಕಪ್ಪ ಹಳ್ಳದಲ್ಲಿ ಕೊಡ ತುಂಬಿಸುತ್ತಿದ್ದ. ಕುಬಿಹಾಳದ ಹೊಲದ ಬದಿಗೆ ಒಂದು ಗಾಡಿ ನಿಂತದ್ದು ಕಂಡಿತು. ಇಬ್ಬರು ಇಳಿದರು. ಫೌಜದಾರ ಒಂದು ಸಲ ಬೊಗಳಿದ. ಒಬ್ಬ ಬಗ್ಗಿ ಕೈ ಚಾಚಿದ. ಫೌಜದಾರ ಹೋಗಿ ಅವನೆದುರು ನೀಟಾಗಿ ಕುಳಿತ.

"ಫೋಟೋದವ್ರು ಬಂದಾರ ಅನಕೊಂಡ್ಯಾ," ಎಂದು ಮಲಕಪ್ಪ ನನಗೆ ಆಮೇಲೆ ಹೇಳಿದ. "ನಾಕು ದಿನದಾಗ ಅಂಥಾವ್ರು ಭಾಳ ಮಂದಿ ಬಂದಿದ್ರು. ನಾ ಸಾವಕಾಶ ಇನ್ನೊಂದು ಕೊಡಾ ತುಂಬಿದೆ."

ಅವನು ತಿರುಗಿ ಬರುವಷ್ಟರಲ್ಲಿ ಗಾಡಿಯೂ ಇರಲಿಲ್ಲ, ಬೆಳೆದ ನಾಲ್ಕು ಟಗರುಗಳೂ ಇರಲಿಲ್ಲ. ಫೌಜದಾರ ಬಿಲ್ಲಿನಂತೆ ಹಿಂದಕ್ಕೆ ಬಾಗಿ ನೆಲ ಕೆರೆಯುತ್ತಿದ್ದ. ಮಲಕಪ್ಪ ಅವನನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ರಸ್ತೆಯ ತನಕ ಓಡಿದ. ಬಸ್ಸಿನವರು ನಾಯಿ ಹತ್ತಿಸಿಕೊಳ್ಳಲಿಲ್ಲ. ಸಿದ್ದರಾಮನಿಗೆ ಫೋನ್ ಹಚ್ಚಿದರೆ ಟೆಂಪೋ ಬೇರೆ ಬಾಡಿಗೆಗೆ ಹೋಗಿದೆ ಎಂದ. ನಾಲ್ಕರ ಸುಮಾರಿಗೆ ಹೆಗಲ ಮೇಲಿನ ಭಾರ ಒದ್ದಾಡುವುದು ನಿಂತಿತು.

ಸುದ್ದಿ ಕೇಳಿ ಹೊರಟ ಅರುಣಾ ನೀಲಿ ಅಂಗಿಯಲ್ಲೇ ಬಂದಳು. ನಾನೂ ಅದೇ ರೈಲಿನಲ್ಲಿದ್ದೆ. ಸ್ಟೇಶನ್ನಿನಿಂದ ಬೈಕಿನಲ್ಲಿ ಅವಳನ್ನು ಕುಬಿಹಾಳಕ್ಕೆ ಕರೆದೊಯ್ದೆ. ಅವಳು ಫೌಜದಾರನ ಬಾಯಿ ತೆರೆದು ನಾಲಗೆ ನೋಡಿದಳು, ಮುಚ್ಚಿದಳು, ಕತ್ತಿನ ಮೊಳೆಪಟ್ಟಿ ಬಿಚ್ಚಿದಳು. ಅಳಲಿಲ್ಲ. ಹೂಳಿದ ಮೇಲೆ ಮಲಕಪ್ಪ ಕೇಳಿದ:

"ಆ ಕಾಗದ ಐತೇನು?"

"ಫೋನಿನ್ಯಾಗ ಐತಿ."

"ಓದು. ಕನ್ನಡದಾಗ ಓದು."

ಅವಳು ಓದಿದಳು. ಕರೆದರೆ ಬರುವುದು: ಉತ್ತಮ. ಹೇಳಿದಲ್ಲಿ ಕುಳಿತಿರುವುದು: ಉತ್ತಮ. ಏಳನೆಯದಕ್ಕೆ ಬಂದು ನಿಂತಳು.

"ಓದು."

"ಅಪರಿಚಿತರಿಂದ ಆಹಾರ ತೆಗೆದುಕೊಳ್ಳುವುದು: ಅತ್ಯುತ್ತಮ."

ಮಲಕಪ್ಪ ತಲೆಯಾಡಿಸಿದ. "ಖರೇ ಬರದಾರ," ಎಂದ. ಮಗಳನ್ನು ಬಯ್ದದ್ದು ಅಷ್ಟೇ. ಬಾಯಿ ತುಂಬ ಬಯ್ದಿದ್ದರೆ ಚಲೋ ಇತ್ತು ಎಂದು ಹನಮವ್ವ ನನ್ನ ಮುಂದೆ ಅಂದಳು.

ಮೂರು ವಾರದ ನಂತರ ತಂಬೂರು ಎಂಬ ಊರಿನ ಬೀಗರ ಹಿಂಡಿನಿಂದ ಒಂದು ನಾಯಿಮರಿ ಬಂತು. ಮಲಕಪ್ಪ ನನಗೆ ಹೇಳಿ ಕಳಿಸಿದ. "ಪರರು ಬೇಕಾಗ್ಯಾರ್ರಿ ಸರ. ನಿಮಗ ಕೈ ರೂಢಿ ಐತಿ."

ಭಾನುವಾರ ಹೋದೆ. ಮೆಣಸಿನಕಾಯಿ ಅರೆಯುತ್ತಿದ್ದವಳು ಅರುಣಾ. ಅವಳು ಈಗ ಹುಬ್ಬಳ್ಳಿಯಲ್ಲಿ ವಾರದಲ್ಲಿ ಆರು ದಿನ, ನಾಯಿಗೆ ಕೈಯೆತ್ತಬಾರದೆಂದು ಸಾಕಿದವರಿಗೆ ತಿಳಿಸಿ ಹೇಳುತ್ತಾಳೆ. ಅವಳ ಹತ್ತಿರ ನಾಯಿ ಬಿಡಲು ಜನ ಸರದಿ ಕಾಯುತ್ತಾರೆ. ಖಾರವನ್ನು ರೊಟ್ಟಿಯ ಮಡಿಕೆಯಲ್ಲಿ ಸವರಿ ನನ್ನ ಕೈಗೆ ಕೊಟ್ಟಳು.

"ಕೆಳಗ ಹಿಡೀರಿ. ಚಂದಂಗಿ ಕರೀರಿ."

ಚಂದವಾಗಿ ಕರೆದೆ. ಮರಿ ಬಾಲ ಅಲ್ಲಾಡಿಸುತ್ತ ಓಡಿ ಬಂದು ಕಚ್ಚಿತು. ಆಮೇಲಿನ ಸದ್ದು ಹೊಲದ ಆಚೆಯವರಿಗೂ ಕೇಳಿಸಿರಬೇಕು. ಅದು ಮಣ್ಣಿಗೆ ಮುಖ ಉಜ್ಜುವಾಗ ಅರುಣಾ ಅಪ್ಪನ ಕಡೆ ನೋಡಿ "ಈಗ," ಎಂದಳು. ಕೋಲು ಸರಿಯಾಗಿ ಒಂದು ಸೆಕೆಂಡಿನೊಳಗೆ ಬಿತ್ತು.

ಮರಿ ಕುರಿಗಳ ನಡುವೆ ಅಡಗಿತು. ಎಲ್ಲರೂ ಸುಮ್ಮನಿದ್ದಾಗ ಏನಾದರೂ ಹೇಳದೆ ಇರಲಾರದ ಜಾತಿ ನನ್ನದು. ಕೈ ಒರೆಸಿಕೊಳ್ಳುತ್ತ ಕೇಳಿದೆ, "ಅಲ್ಲವಾ ಅರುಣಾ, ಅವತ್ತು ಆ ಕಳ್ಳ ಬಿಸ್ಕೀಟು ಚಾಚಿದಾಗ ನಮ್ಮ ಫೌಜದಾರ ಮನಸಿನ್ಯಾಗ ಏನು ಅನಕೊಂಡಿರಬೇಕು?"

ಅರುಣಾ ಒರಳಿಗೆ ನೀರು ಸುರಿದು ಖಾರ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ಬಂದೀರಿ ಅನಕೊಂಡಿರ್ತಾನ್ರಿ."