ಅವ್ವ ನೆಲಹೊಂಡಕ್ಕೆ ಇಳಿದದ್ದು

ನಮ್ಮ ಅವ್ವನನ್ನು ಮನೆಯಿಂದ ಹೊರಗೆ ಹೊರಡಿಸುವುದೆಂದರೆ ಬೀಸುವ ಕಲ್ಲನ್ನು ಗಾಡಿಗೆ ಹೇರಿದಂತೆ. ಧಾರವಾಡಕ್ಕೆ ಬಂದು ವರ್ಷಗಳೇ ಕಳೆದಿದ್ದರೂ ಅವಳು ಕೆಲಗೇರಿ ಕೆರೆಯನ್ನು ಕೂಡ ನೋಡಿರಲಿಲ್ಲ. "ಕೆರಿ ನೋಡೂದೇನೈತಿ? ನೀರು ಇರತೈತಿ, ಎಮ್ಮಿ ಇರತಾವು" ಎಂದು ಮುಗಿಸಿಬಿಡುತ್ತಿದ್ದಳು. ಅಂಥವಳು ಒಂದು ಸಂಜೆ ತಾನಾಗಿಯೇ "ನಾನೂ ಬರತೇನಿ" ಎಂದಾಗ ನನ್ನ ಕೈಯಲ್ಲಿದ್ದ ಚಹಾದ ಬಸಿ ಬೀಳುವುದೊಂದು ಬಾಕಿ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಹೊಸದಾಗಿ ನೌಕರಿ ಸಿಕ್ಕಿತ್ತು. ನಮ್ಮ ಹೆಡ್ ಅಕ್ಕೋರು ಮಕ್ಕಳಿಗೆ ಇತಿಹಾಸವನ್ನು ಕಣ್ಣಾರೆ ತೋರಿಸಿಯೇ ತೀರಬೇಕೆಂದು ಉಣಕಲ್ಲಿನ ಆಚೆಗಿನ ಒಂದು ಹಳ್ಳಿಯ ನೆಲಹೊಂಡಕ್ಕೆ ಹೋಗುವುದನ್ನು ಗೊತ್ತುಮಾಡಿದ್ದರು. ಬಹಳ ಹಳೆಯ ಹೊಂಡ. ನೆಲದ ಕೆಳಗೆ ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ಕಲ್ಲಿನ ಚಪ್ಪಡಿ ಹೊದಿಸಿ ಕಟ್ಟಿದ್ದು. ಮೇಲಿನಿಂದ ನೋಡಿದರೆ ಬರೀ ಬಯಲು. ಮೆಟ್ಟಿಲಿಳಿದು ಒಳಗೆ ಹೋದವರಿಗೆ ಮಾತ್ರ ನೀರು ಕಾಣುತ್ತದೆ. ಆ ಹಳ್ಳಿ ಅವ್ವನ ತವರು.

ತವರು ಅಂದರೆ ಊರೊಳಗಿನದಲ್ಲ, ಊರ ಹೊರಗಿನ ಕೇರಿ. ನಾವು ಬೌದ್ಧರಾದದ್ದು ಈಚೆಗೆ. ಅವ್ವ ಹುಟ್ಟಿ ಬೆಳೆದ ಕಾಲದಲ್ಲಿ ನಮ್ಮನ್ನು ಕರೆಯುತ್ತಿದ್ದ ಹೆಸರು ಬೇರೆ, ನಿಲ್ಲಿಸುತ್ತಿದ್ದ ಜಾಗ ಬೇರೆ. ಕೇರಿಯವರು ಆ ಹೊಂಡದ ಮೊದಲ ಮೆಟ್ಟಿಲನ್ನೂ ತುಳಿಯುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು, ಯಾರಾದರೂ ಪುಣ್ಯಾತ್ಮರು ನೀರು ತಂದು ಎತ್ತರದಿಂದ ಸುರಿಯಲಿ ಎಂದು ಕಾಯಬೇಕಿತ್ತು. ಬಾಯಾರಿದರೆ ಬೊಗಸೆ ಒಡ್ಡಬೇಕಿತ್ತು.

"ಮದವಿ ಆಗೂತನಕಾ ಅದರ ನೀರು ಕುಡದೇನಿ, ಅದರ ಮಾರಿ ನೋಡಿಲ್ಲ" ಎಂದಳು ಅವ್ವ. "ಸಾಯೂದರಾಗ ಒಮ್ಮಿ ಇಳದು, ನನ್ನ ಕೈಲೇ ತುಂಬಕೊಂಡು ಕುಡೀಬೇಕು."

ಅಪ್ಪ ಸರಕಾರಿ ಕಚೇರಿಯ ಕಾರಕೂನ. ಮೇಜಿನ ಮೇಲೆ ಹಲ್ಲಿ ಬಿದ್ದರೂ ಸಾಹೇಬರನ್ನು ಕೇಳಿ ಓಡಿಸುವ ಮನುಷ್ಯ. "ಅಲ್ಲೆ ಯಾರರೆ ಏನರೆ ಅಂದ್ರ?" ಎಂದರು ಮೆಲ್ಲಗೆ.

"ಅಂದ್ರ ನಾನೂ ಅಂತೇನಿ. ನನ್ನ ಬಾಯಿಗೇನಾಗೇತಿ?"

ಅವಳ ಬಾಯಿಗೆ ಏನೂ ಆಗಿರಲಿಲ್ಲ ಎಂಬುದಕ್ಕೆ ನಮ್ಮ ಇಡೀ ಓಣಿಯೇ ಸಾಕ್ಷಿ ಹೇಳುತ್ತಿತ್ತು. ಬುದ್ಧನ ಪಟದ ಮುಂದೆ ಕಾಯಿ ಒಡೆಯುವ ಪದ್ಧತಿ ಇಲ್ಲವೆಂದು ಅಪ್ಪ ತಿಳಿಸಿ ತಿಳಿಸಿ ಸೋತಿದ್ದರು. "ಒಂದ ಕಾಯಿಗೆ ಅವನೇನು ಸಿಟ್ಟಾಗತಾನೇನು? ಶಾಂತ ಸ್ವಭಾವದಾಂವ" ಎನ್ನುವ ಹೆಂಗಸಿಗೆ ಯಾರು ಏನು ತಿಳಿಸುವುದು?

ಹೊರಡುವ ದಿನ ನೋಡಬೇಕಿತ್ತು ಅವಳ ದಿಮಾಕು. ಇಳಕಲ್ ಸೀರೆ, ಹೊಸ ಚಪ್ಪಲಿ, ಹೆಗಲಿಗೆ ನನ್ನ ಚೀಲ, ಚೀಲದಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ ತಾಮ್ರದ ತಂಬಿಗೆ. ಪಕ್ಕದಲ್ಲಿ ನಿಂತ ಹೆಡ್ ಅಕ್ಕೋರು ಅವಳ ಕೈಕೆಳಗಿನವರಂತೆ ಕಾಣುತ್ತಿದ್ದರು. ಉಣಕಲ್ಲಿನವರೆಗೆ ಬಸ್ಸು, ಅಲ್ಲಿಂದ ಎರೆಹೊಲಗಳ ನಡುವೆ ಕಾಲ್ನಡಿಗೆ. ಎರಡು ಹೆಜ್ಜೆಗೆ ಮೊಣಕಾಲು ನೋವೆನ್ನುವ ಅವ್ವ ಅಂದು ಎಲ್ಲರಿಗಿಂತ ಮುಂದೆ ಸರಸರ ನಡೆದಳು. ಚೀಲ ಹೊರುವ ಕೆಲಸ ಮಾತ್ರ ಅಷ್ಟರಲ್ಲಿ ನನ್ನ ಪಾಲಿಗೆ ಬಂದಿತ್ತು.

ಇತಿಹಾಸ ಹೇಳಲೆಂದು ಕಾಲೇಜಿನ ಪ್ರಾಧ್ಯಾಪಕರೊಬ್ಬರು ಕೊಡೆ ಹಿಡಿದುಕೊಂಡು ಬಂದಿದ್ದರು. ಸಜ್ಜನರು, ಕಲ್ಲು ಕಂಡರೆ ಮಾತ್ರ ಮಾತಾಡಿಸದೆ ಮುಂದೆ ಹೋಗುವವರಲ್ಲ. ನಮ್ಮನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ, ತಾವು ಕೊಡೆಯಡಿ ನಿಂತು ಶುರುಮಾಡಿದರು. ಚಾಲುಕ್ಯರ ಕಾಲದ್ದಿರಬೇಕು, ಅದಕ್ಕಿಂತ ಈಚಿನದೂ ಇರಬಹುದು. ಹತ್ತಿ ಹೇರಿಕೊಂಡು ಘಟ್ಟದ ಕಡೆ ಹೋಗುತ್ತಿದ್ದ ವ್ಯಾಪಾರಸ್ಥರು ಕಟ್ಟಿಸಿದ್ದು. ಬಿಸಿಲು ನೀರನ್ನು ಹೀರಬಾರದೆಂದು ನೆಲದೊಳಗೆ ಅಡಗಿಸಿದ್ದು. ದಿಬ್ಬದ ಮೇಲೆ ಬಿದ್ದ ಮಳೆನೀರು ಕಲ್ಲುಕಾಲುವೆಯಲ್ಲಿ ಹರಿದು ಬಂದು ಮೊದಲು ಹೊರಗಿನ ಈ ಸಣ್ಣ ಗುಂಡಿಯಲ್ಲಿ ನಿಲ್ಲುತ್ತದೆ, ಹೂಳು ಇಲ್ಲಿ ತಳಕ್ಕಿಳಿದು, ತಿಳಿನೀರು ಮಾತ್ರ ಒಳಗೆ ಹೋಗುತ್ತದೆ.

"ಆ ಗುಂಡಿ ನಮ್ಮಪ್ಪಂದು" ಎಂದಳು ಅವ್ವ ಗಟ್ಟಿಯಾಗಿ.

ಪ್ರಾಧ್ಯಾಪಕರು ಬೆಚ್ಚಿ ತಿರುಗಿದರು. ಅವ್ವ ಬಿಡಿಸಿ ಹೇಳಿದಳು: ಪ್ರತಿ ಬೇಸಿಗೆ ಅದರಲ್ಲಿಳಿದು ಹೂಳು ತೆಗೆಯುತ್ತಿದ್ದವನು ಅವಳ ಅಪ್ಪ. ಅಕಾಲದ ಮಳೆ ಬಂದರೆ ಸೊಂಟಮಟ ನೀರಲ್ಲೇ ನಿಂತು ತೆಗೆಯುತ್ತಿದ್ದ. ಅಜ್ಜನ ಸೊಂಟ ತೊಳೆದ ನೀರು ಒಂದು ಕಲ್ಲಿನ ತೂತು ದಾಟಿ ಒಳಗೆ ಹೋದ ಕೂಡಲೇ ಮಡಿಯಾಗುತ್ತಿತ್ತು, ಅಜ್ಜ ಮಾತ್ರ ಹೊರಗೇ ಉಳಿಯುತ್ತಿದ್ದ! ಎಂಥ ಜಾಣ ಕಲ್ಲೋ ಏನೋ. ಅವ್ವ ನಗುತ್ತಲೇ ಹೇಳಿದಳು, ಆದರೆ ನನಗೆ ಮೈಯೆಲ್ಲ ಉರಿಯಿತು. ಮೊದಲೇ ನಾನು ಸಿಡುಕಿ.

ಪ್ರಾಧ್ಯಾಪಕರು ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. "ದಾರಿಹೋಕರು, ದನಾ ಕರಾ, ಹಕ್ಕಿ ಪಕ್ಷಿ, ಸಕಲ ಜೀವಿಗಳ ಸಲುವಾಗಿ ಕಟ್ಟಿಸಿದ್ದು ನೋಡ್ರಿ ಇದು."

"ಅದರಾಗ ನಾವೂ ಇದ್ದಿವೇನ್ರಿ?"

"ನೀವು ಅಂದ್ರ?"

"ಕೇರಿಯಾಗಿನವರು."

ಅವರು ಕೊಡೆ ಮುಚ್ಚಿದರು, ಮತ್ತೆ ತೆರೆದರು. "ಸಕಲ ಅಂದ ಮ್ಯಾಲೆ... ಇದ್ದೇ ಇರಬೇಕಲ್ರಿ."

"ನಮಗ ಯಾರೂ ಹೇಳಲಿಲ್ಲ ನೋಡ್ರಿ. ದನಕ್ಕ ಹೇಳಿದ್ರು ಕಾಣತೈತಿ, ಅವು ದಿನಾ ಬಂದು ಡೋಣಿಗೆ ಬಾಯಿ ಹಚ್ಚತಿದ್ದವು" ಎಂದು ಪಕ್ಕದ ಕಲ್ಲಿನ ತೊಟ್ಟಿಯನ್ನು ತೋರಿಸಿದಳು.

ಹುಡುಗಿಯರು ಕಿಸಕ್ಕನೆ ನಕ್ಕರು. ಪಾಪ, ಆ ಮನುಷ್ಯನೂ ನಕ್ಕರು. ಆಮೇಲೆ ಬಿಸಿಲಲ್ಲಿ ನಿಂತಿದ್ದ ಅವ್ವನಿಗೆ ತಮ್ಮ ಕೊಡೆ ಕೊಟ್ಟರು. ಅವ್ವ ಸಂಕೋಚವೇ ಇಲ್ಲದೆ ಹಿಡಿದುಕೊಂಡಳು.

ಇಳಿಯುವ ಸರದಿ ಬಂದಾಗ ಈ ದಿಮಾಕಿನ ಹೆಂಗಸು ಮೆಟ್ಟಿಲ ಬಾಯಲ್ಲಿ ಗಕ್ಕನೆ ನಿಂತುಬಿಟ್ಟಳು. ಹುಡುಗಿಯರೆಲ್ಲ ಅವಳನ್ನು ದಾಟಿ ದಡಬಡ ಇಳಿದು ಹೋದರು. ಅವ್ವ ಹಿಂದೆ ಮುಂದೆ ನೋಡುತ್ತಿದ್ದಳು. ಯಾರಾದರೂ 'ಹೇ' ಎನ್ನುತ್ತಾರೇನೋ ಎಂದು ಕಾಯುತ್ತಿದ್ದಾಳೆಂದು ನನಗೆ ತಿಳಿಯಿತು. ಯಾರೂ ಅನ್ನಲಿಲ್ಲ. ಚಪ್ಪಲಿ ಕಳಚಿದಳು.

"ಗುಡಿ ಏನವ್ವಾ ಇದು?" ಎಂದೆ.

"ಗುಡಿ ಅಲ್ಲ, ಜಾರತೈತಿ. ನೀ ಕೈ ಹಿಡಿ, ಮಾತ ಕಡಿಮಿ ಮಾಡು."

ಕೈ ಹಿಡಿದೆ. ಒಂದೊಂದೇ ಮೆಟ್ಟಿಲು ಇಳಿದೆವು. ಒಳಗೆ ಕತ್ತಲೆ, ಪಾರಿವಾಳಗಳ ಗುಟುರು, ಸಾಲು ಕಂಬಗಳ ನಡುವೆ ಅಲುಗಾಡದ ನೀರು. ಚಪ್ಪಡಿ ಸರಿದ ಒಂದು ಕಡೆಯಿಂದ ಬೆಳಕು ಬೀಳುತ್ತಿತ್ತು. ಅವ್ವ ಕೊನೆಯ ಒಣ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡಿದಳು.

"ಇಷ್ಟ ಏನು!" ಎಂದಳು ಕೊನೆಗೆ. "ಇಷ್ಟಕ್ಕ ಅಷ್ಟ ಬಡಿವಾರ ಮಾಡತಿದ್ರೇನು!"

ನಗು ಬಂತು, ಅವಳ ಮುಖ ನೋಡಿದ ಮೇಲೆ ಅಳುವೂ ಬಂತು. ಅವ್ವ ಮಣಿಕಟ್ಟಿನವರೆಗೆ ನೀರಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಆಮೇಲೆ ತಂಬಿಗೆ ತುಂಬಿದಳು. ಕುಡಿ ಎಂದರೆ ಇಲ್ಲಿ ಬೇಡವಂತೆ. "ಮ್ಯಾಲೆ ನಾ ಕಾಯಕೋತ ನಿಲ್ಲತಿದ್ದ ಜಾಗಾದಾಗ ನಿಂತು ಕುಡೀತೇನಿ."

ಮೇಲೆ ಬಂದರೆ ಆ ಜಾಗದಲ್ಲಿ, ಕಲ್ಲಿನ ಮೇಲೆ, ಒಬ್ಬ ಮುದುಕಿ ಕೋಲು ಹಿಡಿದು ಕೂತಿದ್ದರು. ಎದುರಿಗಿನ ದೊಡ್ಡ ಮನೆಯ ಯಜಮಾನಿ. ಹಣೆಗೆ ವಿಭೂತಿ, ಕಿವಿಯಲ್ಲಿ ಬೆಂಡೋಲೆ. ಇಷ್ಟೊಂದು ಹುಡುಗಿಯರನ್ನು ನೋಡಲು ಬಂದಿದ್ದರು. ಅವ್ವನ ಸೀರೆ, ಕೊಡೆ ನೋಡಿ ಸಾಲಿಯ ಅಕ್ಕೋರೆಂದೇ ತಿಳಿದರು.

"ಅಕ್ಕೋರ, ಒಂದ ಗುಟುಕು ಕೊಡ್ರಿ. ಕಾಲು ಹಿಡದು ಕೆಳಗ ಇಳಿಯಾಕ ಆಗವಲ್ದು. ಈ ನೀರು ಕುಡದು ಯಾವ ಕಾಲ ಆತೋ."

ಅವ್ವ ಅವರನ್ನು ನೋಡಿದ ಕೂಡಲೇ ಗುರುತಿಸಿದ್ದಳು. ಹಿಂದೆ ಆ ಮನೆಗೆ ಹೊಸದಾಗಿ ಸೊಸೆಯಾಗಿ ಬಂದು ಇವಳ ಕೊಡಕ್ಕೆ ನೀರು ಸುರಿಯುತ್ತಿದ್ದವರು. ಕೆಟ್ಟವರಲ್ಲ, ಮನೆಯ ಕೊಡಗಳೆಲ್ಲ ತುಂಬಿದ ಮೇಲೆ ನೆನಪಾದರೆ ಸುರಿಯುವರು. ಸುಮ್ಮನೆ ಒಂದು ಗುಟುಕು ಕೊಟ್ಟು ನಡೆದಿದ್ದರೆ ಮುಗಿಯುತ್ತಿತ್ತು. ಆದರೆ ಅದು ನಮ್ಮ ಅವ್ವನಿಂದ ಆಗುವ ಕೆಲಸವೇ?

"ಕೊಡತೇನ್ರಿ. ಮೊದಲ ನಾ ಯಾರಂತ ಕೇಳ್ರಿ" ಎಂದಳು. "ಗುಂಡಿ ಹೂಳು ತಗೀತಿದ್ದವನ ಮಗಳು ನಾ."

ಚಾಚಿದ ಕೈ ಹಾಗೇ ನಿಂತಿತು. ಮುದುಕಿ ತಮ್ಮ ಮನೆಯ ಬಾಗಿಲ ಕಡೆ ನೋಡಿದರು, ನಮ್ಮ ಹುಡುಗಿಯರ ಕಡೆ ನೋಡಿದರು. ತಂಬಿಗೆ ಕಸಿದುಕೊಂಡು ಅವ್ವನನ್ನು ಎಳೆದುಕೊಂಡು ಹೋಗಿಬಿಡೋಣ ಎನ್ನಿಸಿತು ನನಗೆ. ಅಷ್ಟರಲ್ಲಿ ಮುದುಕಿ ಕಣ್ಣು ಕಿರಿದು ಮಾಡಿದರು.

"ನೀ ಆ ವಾಚಾಳಿ ಹುಡುಗಿ ಏನ? ಸುರಿಯೂದು ತಡಾ ಆದ್ರ ಬೈತಿದ್ದಿ?"

"ಬಾಯಿಲೆ ಬೈತಿದ್ದಿಲ್ರಿ, ಮನಸಿನಾಗ ಬೈತಿದ್ದೆ."

"ನನಗ ಕೇಳಸತಿತ್ತು ಬಿಡು" ಎಂದ ಮುದುಕಿ ಕೋಲು ಬದಿಗಿಟ್ಟು ಎರಡೂ ಕೈ ಕೂಡಿಸಿ ಒಡ್ಡಿದರು. "ಸುರಿ."

"ಬೊಗಸಿ ಬ್ಯಾಡ್ರಿ. ಅರ್ಧಾ ನೀರು ಮೊಣಕೈಗುಂಟ ಹೋಗತಾವು, ನನಗ ಗೊತ್ತೈತಿ. ತಂಬಿಗಿ ಹಿಡೀರಿ, ತುಟಿ ಹಚ್ಚಿ ಕುಡೀರಿ. ನನಗೇನೂ ಮೈಲಿಗಿ ಆಗೂದಿಲ್ಲ."

ಮುದುಕಿ ಅವ್ವನನ್ನೇ ನೋಡಿದರು. ಆಮೇಲೆ ತಂಬಿಗೆ ಇಸಕೊಂಡು, ತುಟಿ ಹಚ್ಚಿ, ಗಟಗಟ ಕುಡಿದರು. ತಳದವರೆಗೆ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಯವ್ವಾ, ಎಲ್ಲಾ ಖಾಲಿ ಮಾಡಿದ್ರೆಲ್ರಿ!"

"ಮತ್ತ, ಕೊಟ್ಟಾಕಿ ನೀನ ಅಲ್ಲೇನ?"

ಅವ್ವ ಖಾಲಿ ತಂಬಿಗೆಯನ್ನು ಒಮ್ಮೆ ಬೋರಲು ಮಾಡಿ ನೋಡಿದಳು. ಕೊಡೆ ನನ್ನ ಕೈಗೆ ತುರುಕಿದಳು. ಹಿಂದೆ ಮುಂದೆ ನೋಡದೆ ತಿರುಗಿ ನಡೆದಳು.

ಇತ್ತ ಹೆಡ್ ಅಕ್ಕೋರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಉಣಕಲ್ಲಿನ ಬಸ್ಸು ತಪ್ಪುತ್ತದೆಂದು ಗಡಿಬಿಡಿ ಮಾಡುತ್ತಿದ್ದರು. "ನಿಮ್ಮ ತಾಯಿಯವರು ಮತ್ತ ಎಲ್ಲಿ ಹೋದ್ರು?" ಎಂದು ನನ್ನ ಮೇಲೆ ರೇಗಿದರು.

"ಒಳಗ ಇಳದಾಳ್ರಿ. ನೀರು ಕುಡ್ಯಾಕ ಹೋಗ್ಯಾಳ" ಎಂದೆ.